ಕೇಶರಬಾಯಿ ತುಟಿಯಲ್ಲೇ ಅಂದ ಮಾತು

ಕೇಶರಬಾಯಿ ಒಟ್ಟು ಹನ್ನೊಂದು ಚಿತ್ರಗಳಲ್ಲಿ ಕಾಣಿಸಿಕೊಂಡಳು. ಅವುಗಳಲ್ಲಿ ನಾಲ್ಕರಲ್ಲಿ ಸತ್ತಳು. ಐದನೆಯ ಸಲ ಅವಳನ್ನು ಸಾಯಿಸಿದವನು ಒಡಹುಟ್ಟಿದ ತಮ್ಮ ಪಂಡರಿ. ಅದೂ ಹುಮನಾಬಾದಿನ ಸಂತೆ ಮೈದಾನದಲ್ಲಿ, ಇನ್ನೂರು ಮುನ್ನೂರು ಜನರ ಎದುರಿಗೆ, ಹೆತ್ತ ತಾಯಿಗೆ ಕೇಳಿಸುವ ಹಾಗೆ.

ಅಕ್ಕ ತಮ್ಮ ಇಬ್ಬರೂ ಹುಟ್ಟಿದ್ದು ನಿರ್ಣಾ ಎಂಬ ಹಳ್ಳಿಯಲ್ಲಿ. ಅಪ್ಪ ವೈಜಿನಾಥ ಸಿಂಪಿಗ, ಊರವರ ಅಂಗಿ ಚೊಣ್ಣ ಕೈಯಲ್ಲೇ ಹೊಲಿಯುತ್ತಿದ್ದ. ಅವ್ವ ಧೂಳಮ್ಮ ಕೂಲಿಗೆ ಹೋದಾಗ ಪಂಡರಿಯನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು, ಅವನಿಗಿಂತ ಐದು ವರ್ಷ ದೊಡ್ಡವಳಾದ ಕೇಶರ. ಅವನ ಮೊದಲ ಅಂಗಿ ಹೊಲಿದವಳೂ ಅವಳೇ. ಒಂದು ತೋಳು ಗಿಡ್ಡ, ಒಂದು ಉದ್ದ ಆಗಿತ್ತಂತೆ, ಆದರೂ ಅವನು ಅದನ್ನು ಹರಿಯುವ ತನಕ ಬಿಚ್ಚಲಿಲ್ಲ. ಹೊಲಿದು ಮುಗಿದೊಡನೆ ಕೇಶರ ದಾರವನ್ನು ಹಲ್ಲಿನಲ್ಲಿ ಕಟ್ಟನೆ ಹರಿದು ಸೂಜಿಯನ್ನು ತುರುಬಿಗೆ ಚುಚ್ಚಿಕೊಳ್ಳುತ್ತಿದ್ದಳು. ಕತ್ತರಿ ತೊಡೆಯ ಪಕ್ಕದಲ್ಲೇ ಇದ್ದರೂ ಅಷ್ಟೇ. "ಹಲ್ಲ ಸವೀತಾವ ನೋಡು" ಎಂದು ಅವ್ವ ಗದರಿ ಗದರಿ ಸೋತಳು.

ಹನ್ನೊಂದಕ್ಕೆ ಅವಳನ್ನು ಸೊಲ್ಲಾಪುರದ ಗಿರಣಿ ಕೆಲಸದವನಿಗೆ ಕೊಟ್ಟರು. ಅವನು ಏಳೆಂಟು ವರ್ಷಕ್ಕೆ ಕೆಮ್ಮಿ ಕೆಮ್ಮಿ ತೀರಿಕೊಂಡ. ಅತ್ತೆಯ ಮನೆಯವರಿಗೆ ಅವಳು ಬೇಡವಾದಳು. ಪಕ್ಕದ ಕೋಣೆಯ ಗಯಾಬಾಯಿ ಎಂಬ ಹೆಂಗಸು ಮುಂಬಯಿಗೆ ಹೊರಟಾಗ, ಅಲ್ಲಿ ಚಿತ್ರದ ಕಂಪನಿಯಲ್ಲಿ ಬಟ್ಟೆ ಹೊಲಿಯುವವರು ಬೇಕಂತೆ ಎಂದು ಜೊತೆಗೆ ಕರೆದುಕೊಂಡು ಹೋದಳು. ಅಷ್ಟರಲ್ಲಿ ವೈಜಿನಾಥ ತೀರಿಕೊಂಡಿದ್ದ. ಧೂಳಮ್ಮ ಮಗನನ್ನು ಕಟ್ಟಿಕೊಂಡು ಹುಮನಾಬಾದಿಗೆ ಬಂದಿದ್ದಳು. ಮುಂಬಯಿಯಿಂದ ಬಂದ ಮೊದಲ ಕಾಗದವನ್ನು ಪಂಡರಿ ಅವಳಿಗೆ ಓದಿ ಹೇಳಿದ. "ಕಂಪನಿಯಲ್ಲಿ ಹೊಲಿಗೆ ಕೆಲಸ ಸಿಕ್ಕಿದೆ, ಚಿಂತೆ ಮಾಡಬೇಡ." ಕಾಗದ ಬರೆದ ದಿನ ಅದು ನಿಜವೇ ಆಗಿತ್ತು.

ಆಮೇಲಿನದು ಪಂಡರಿಗೆ ಗೊತ್ತಾದದ್ದು ಎಷ್ಟೋ ವರ್ಷ ತಡವಾಗಿ, ಅಕ್ಕನ ಬಾಯಿಂದಲೇ. ಒಂದು ದಿನ ಗೋಡೆ ಹಾರಬೇಕಾಗಿದ್ದ ಹುಡುಗಿ ಬರಲಿಲ್ಲ. ಹೊಲಿದಿಟ್ಟ ಕುಬಸ ಯಾರಿಗೆ ಹೊಂದುತ್ತದೆ ಎಂದು ನೋಡಿದರು, ಹೊಲಿದವಳಿಗೇ ಹೊಂದಿತು. ಮುಖಕ್ಕೆ ಹಳದಿ ಬಳಿದು ಬಿಸಿಲಿಗೆ ನಿಲ್ಲಿಸಿದರು. ಹಾರು ಅಂದರು, ಹಾರಿದಳು. ಅಲ್ಲಿಂದ ಅವಳು ಚಿತ್ರದ ಜಾಹೀರಾತಿನ ಹಲಗೆಗಳ ಮೇಲೆ ಮಿಸ್ ಕೇತಕಿ ಆದಳು. ಚಿತ್ರಕ್ಕೆ ದನಿ ಇಲ್ಲದ ಕಾಲ, ಏನಾದರೂ ಅನ್ನು, ತುಟಿ ಅಲುಗಿದರೆ ಸಾಕು ಎನ್ನುತ್ತಿದ್ದರಂತೆ. ಅವಳು ನಿರ್ಣಾದ ಕನ್ನಡದಲ್ಲೇ ಏನಾದರೂ ಅನ್ನುತ್ತಿದ್ದಳು. ಬೆಳದಿಂಗಳಲ್ಲಿ ರಾಜಕುಮಾರನ ಎದೆಗೆ ಒರಗಿ, ಕಣ್ಣು ಅರೆ ಮುಚ್ಚಿ, "ಎಮ್ಮಿ ಇವತ್ತ ಹಾಲ ಕೊಟ್ಟಿತೇನು" ಎಂದು ಕೇಳಿದ್ದಳಂತೆ. ಮುಂಬಯಿಯ ಜನ ಆ ನೋಟಕ್ಕೆ ಕರಗಿ ನೀರಾದರಂತೆ.

ಇತ್ತ ಹುಮನಾಬಾದಿನಲ್ಲಿ ಪಂಡರಿಗೂ ಎರಡು ಕಸುಬು. ಹಗಲು ಬಜಾರಿನ ಮೂಲೆಯ ಅಂಗಡಿಯಲ್ಲಿ ಪೈಜಾಮ, ಶೇರವಾನಿ ಹೊಲಿಗೆ. ದೀಪ ಹಚ್ಚುವ ಹೊತ್ತಿಗೆ ಸಂತೆ ಮೈದಾನದಲ್ಲಿದ್ದ ಗಯಾಸುದ್ದೀನ್ ಸಾಹೇಬರ ಬಯಸ್ಕೋಪ್ ಡೇರೆಯಲ್ಲಿ, ಪರದೆಯ ಪಕ್ಕಕ್ಕೆ ಬಿದಿರಿನ ಕೋಲು ಹಿಡಿದು ಕಥೆ ಹೇಳುವುದು. ಚಿತ್ರದ ನಡುನಡುವೆ ಉರ್ದು, ಮರಾಠಿ ಅಕ್ಷರಗಳು ಬಂದು ಹೋಗುತ್ತಿದ್ದವು, ಓದು ಬಂದವರು ಊರಲ್ಲಿ ಬೆರಳೆಣಿಕೆ. ನಿಜಾಮರ ಶಾಲೆಯಲ್ಲಿ ನಾಲ್ಕು ವರ್ಷ ಉರ್ದು ಕಲಿತಿದ್ದ ಪಂಡರಿ ಅದನ್ನು ಓದಿ, ಉಪ್ಪುಖಾರ ಹಚ್ಚಿ, ರಾಜನಿಗೊಂದು ದನಿ, ರಾಣಿಗೊಂದು ದನಿ, ಕಳ್ಳನಿಗೊಂದು ದನಿ ತೆಗೆದು ಹೇಳುತ್ತಿದ್ದ. ಬೇಮಳಖೇಡದಿಂದ ಬಂಡಿ ಕಟ್ಟಿಕೊಂಡು ಬಂದವರು ಚಿತ್ರಕ್ಕಲ್ಲ, ತನ್ನ ಬಾಯಿಗೆ ಬರುತ್ತಾರೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಮನುಷ್ಯನಿಗೆ ತನ್ನ ಬಾಯಿಯ ಮೇಲೆ ಅಷ್ಟು ಅಭಿಮಾನ ಇರಬಾರದು.

1932ರ ಚಳಿಗಾಲ. ಆ ದಿನದ ಚಿತ್ರದ ಡಬ್ಬಿಗಳು ಮಧ್ಯಾಹ್ನವಷ್ಟೇ ಮೋಟಾರಿನಲ್ಲಿ ಬಂದಿದ್ದವು. ಮೊದಲು ಒಮ್ಮೆ ತಿರುಗಿಸಿ ನೋಡಲು ಪಂಡರಿಗೆ ಪುರುಸೊತ್ತು ಸಿಗಲಿಲ್ಲ, ಅದರ ಚಿಂತೆಯೂ ಇರಲಿಲ್ಲ. ಮಗನ ಹೆಸರು ಊರೆಲ್ಲ ಹೇಳುವುದನ್ನು ಕೇಳಿ ಕೇಳಿ ಧೂಳಮ್ಮ ಅಂದೇ ಮೊದಲ ಸಲ ಡೇರೆಗೆ ಬಂದು ಹೆಂಗಸರ ಕಡೆ, ನೆರೆಮನೆಯ ವಜೀರಬಿಯ ಪಕ್ಕದಲ್ಲಿ ಕುಳಿತಿದ್ದಳು.

ಪರದೆಯ ಮೇಲೆ ಒಬ್ಬ ಜಮೀನ್ದಾರ ಬಂದ. ಹೊಳೆಯ ದಂಡೆಯಲ್ಲಿ ಒಬ್ಬಳು ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ದೂರದಿಂದ ತೆಗೆದದ್ದು, ಬೆನ್ನು ಮಾತ್ರ ಕಾಣುತ್ತಿತ್ತು, ತೊಯ್ದ ಸೀರೆ ಮೈಗೆ ಅಂಟಿತ್ತು. ಇಂಥ ಕಡೆ ಪಂಡರಿ ಸುಮ್ಮನೆ ಬಿಡುವವನಲ್ಲ. ಹೆಣ್ಣುದನಿ ತೆಗೆದು, ಜಮೀನ್ದಾರನನ್ನು ಕರೆಯುವ ಹಾಗೆ, ಇಲ್ಲಿ ಬರೆಯಲಾಗದ ಮಾತೊಂದನ್ನು ಅವಳ ಬಾಯಿಗೆ ಹಾಕಿದ. ಡೇರೆ ಬಿದ್ದು ಬಿದ್ದು ನಕ್ಕಿತು. ಸಿಳ್ಳೆ ಎದ್ದವು. ಹುರುಪು ಬಂದು ಇನ್ನೊಂದು ಹಾಕಿದ. ಮೂರನೆಯದು ನಾಲಗೆಯ ತುದಿಯಲ್ಲಿತ್ತು, ಅಷ್ಟರಲ್ಲಿ ಅವಳು ತಿರುಗಿದಳು. ಮುಖ ಪರದೆಯ ತುಂಬ ಬಂತು. ಬಟ್ಟೆಯ ಗಂಟಿನಿಂದ ಜಮೀನ್ದಾರನ ಅಂಗಿ ತೆಗೆದು, ಅದಕ್ಕೆ ಗುಂಡಿ ಹಚ್ಚಿ, ದಾರವನ್ನು ಹಲ್ಲಿನಲ್ಲಿ ಹರಿದು, ಸೂಜಿಯನ್ನು ತುರುಬಿಗೆ ಚುಚ್ಚಿಕೊಂಡಳು.

ಪಂಡರಿಯ ಕೈಯಿಂದ ಕೋಲು ಬಿತ್ತು.

"ವಜೀರಬಿ, ಇಲ್ಲೆ ನೋಡ, ನಮ್ಮ ಕೇಶರ" ಎಂದಳು ಧೂಳಮ್ಮ, ಸಂತೆಯಲ್ಲಿ ಮಗಳು ಎದುರಾದ ಹಾಗೆ, ಖುಷಿಯಿಂದ. ಆಮೇಲೆ ದೊಡ್ಡ ದನಿಯಲ್ಲಿ, "ಪಂಡರೀ, ಅಕ್ಕನ್ನ ನೋಡೋ."

ಜನ ಧೂಳಮ್ಮನ ಕಡೆ ತಿರುಗಿದರು. ಬಳಿಕ ಗಂಡಸರ ಕಡೆಯಿಂದ ಯಾವನೋ ಕೂಗಿದ. "ಏ ಪಂಡರಿ, ಯಾಕ ಸುಮ್ನಾದಿ? ನಿಮ್ಮಕ್ಕಗ ಇನ್ನೊಂದ ಹಾಕೋ."

ಎದ್ದ ನಗೆಗೆ ಡೇರೆಯ ಬಟ್ಟೆ ಹರಿಯುವುದೊಂದು ಬಾಕಿ. ಪಂಡರಿಗೆ ನೆಲ ಬಾಯಿ ತೆರೆಯಬಾರದೇ ಅನಿಸಿತು. ಚಿತ್ರ ಓಡುತ್ತಲೇ ಇತ್ತು. ಅಕ್ಕನನ್ನು ಜಮೀನ್ದಾರ ಅಪ್ಪಿಕೊಂಡ, ಅಕ್ಕ ಕೊಸರಿಕೊಂಡಳು, ಅಕ್ಕ ಹೊಳೆಯ ಕಡೆ ಓಡಿ, ತಿರುಗಿ ನಿಂತು, ತುಟಿ ಅಲುಗಿಸಿ ಏನೋ ಅಂದು ನೀರಿಗೆ ಹಾರಿದಳು. ಪಂಡರಿ ಒಂದಕ್ಕೂ ಮಾತು ಹೇಳಲಿಲ್ಲ. ಅಲ್ಲಿಗೆ ಆ ಸುರುಳಿ ಮುಗಿಯಿತು. ಯಂತ್ರ ಒಂದೇ ಇದ್ದದ್ದರಿಂದ ಸುರುಳಿ ಬದಲಿಸುವ ತನಕ ಗ್ಯಾಸಬತ್ತಿ ಹಚ್ಚುವ ರೂಢಿ. ಬತ್ತಿ ಹೊತ್ತಿತು, ಎಲ್ಲರ ಮುಖ ಅವನ ಕಡೆ. ಧೂಳಮ್ಮ ಜನರ ನಡುವೆ ದಾರಿ ಮಾಡಿಕೊಂಡು ಅವನ ಎದುರಿಗೇ ಬಂದು ನಿಂತಳು. ಹಿಂದಿನ ಸಾಲಿನಲ್ಲಿ ಇನ್ನೂ ನಗುತ್ತಿದ್ದರು.

"ನೀರಾಗ ಬಿದ್ದಳಲ್ಲೋ ಅಕಿ. ಏನಾತಪ ಅಕಿಗಿ?"

ಚಿತ್ರದಲ್ಲಿ ಹೀಗೆ ಮಾಡುತ್ತಾರೆ, ಅವಳು ಮುಂಬಯಿಯಲ್ಲಿ ಚೆನ್ನಾಗಿದ್ದಾಳೆ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹಾಗೆ ಹೇಳಿದರೆ, ಪರಗಂಡಸಿನ ತೋಳಲ್ಲಿ ಇದ್ದ ಅಕ್ಕ ಬದುಕಿರುವ ತನಕ ಊರು ನಗುತ್ತಲೇ ಇರುತ್ತಿತ್ತು. ತಾನು ಅವಳ ಬಾಯಿಗೆ ಹಾಕಿದ ಹೊಲಸು ಮಾತನ್ನೂ ಮರೆಯುತ್ತಿರಲಿಲ್ಲ. ಪಂಡರಿ ನೆಲ ನೋಡುತ್ತ, ಒಂದೇ ಉಸಿರಿಗೆ ಹೇಳಿದ.

"ಖರೇನ ಹ್ವಾದಳವ್ವ. ಚಿತ್ರ ತಗಿಯೂಮುಂದ ಹೊಳಿ ಸೆಳುವಿಗಿ ಸಿಕ್ಕಳಂತ. ಕಾಗದ ಬಂದಿತ್ತು. ನಿನಗ ಹೇಳಾಕ ನನಗ ಬಾಯಿ ಬರಲಿಲ್ಲ."

ನಗು ನಿಂತಿತು. ಸಿಳ್ಳೆ ಹಾಕಿದವನೇ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಸತ್ತವಳನ್ನು ನೋಡಿ ಯಾರೂ ನಗುವುದಿಲ್ಲ. ಧೂಳಮ್ಮ ಕುಸಿದು ಕುಳಿತಳು, ಹೆಂಗಸರು ಅವಳನ್ನು ಎತ್ತಿ ಮನೆಗೆ ಕರೆದುಕೊಂಡು ಹೋದರು. ಉಳಿದ ಸುರುಳಿಯಲ್ಲಿ ಬೆಸ್ತನೊಬ್ಬ ಅಕ್ಕನನ್ನು ನೀರಿನಿಂದ ಎತ್ತಿದ, ಅಕ್ಕ ಕಣ್ಣು ಬಿಟ್ಟು ನಕ್ಕಳು. "ಇದು ಮೊದಲ ತಗದಿಟ್ಟಿದ್ದು ರೀ" ಎಂದು ಪಂಡರಿ ಜನರಿಗೆ ವಿವರಿಸಿದ. ಜನ ನಂಬಿದರು. ಹಾಗೆ ನಂಬುವಂತೆ ಹೇಳುವುದೇ ಅವನ ಕಸುಬಾಗಿತ್ತು.

ಸುಳ್ಳಿಗೂ ಶಾಸ್ತ್ರ ಮಾಡಬೇಕಾಯಿತು. ಪಂಡರಿ ತಲೆ ಬೋಳಿಸಿಕೊಂಡ. ಹತ್ತನೆಯ ದಿನ ಕೆರೆಯ ದಂಡೆಯಲ್ಲಿ ಪಿಂಡ ಇಟ್ಟರೆ ಕಾಗೆ ಹತ್ತಿರ ಸುಳಿಯಲಿಲ್ಲ. ಸತ್ತವರಿಗೆ ಆಸೆ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ ಎಂಬ ನಂಬಿಕೆ. ಧೂಳಮ್ಮ ಬಿಸಿಲಿನಲ್ಲಿ ಕೈಮುಗಿದು ನಿಂತು, "ಏನ ಬೇಕವ್ವ ನಿನಗ, ಹೇಳಿ ಬಿಡು" ಎಂದು ಖಾಲಿ ಆಕಾಶಕ್ಕೆ ಕೇಳುತ್ತಿದ್ದಳು. ಹೊತ್ತು ಇಳಿದ ಮೇಲೆ ಭಟ್ಟರು ದರ್ಭೆಯ ಕಾಗೆ ಮಾಡಿ ಮುಟ್ಟಿಸಿದರು. ಕಾಗೆಗಳಿಗೆ ಗೊತ್ತಿದೆ, ನನ್ನ ಅವ್ವನಿಗೆ ಗೊತ್ತಿಲ್ಲ ಎಂದು ಪಂಡರಿಗೆ ಅನಿಸಿತು. ಆ ದಿನದಿಂದ ಅವನು ಡೇರೆಗೆ ಹೋಗಲಿಲ್ಲ. ಗಂಟಲು ಕೆಟ್ಟಿದೆ ಎಂದು ಗಯಾಸುದ್ದೀನ್ ಸಾಹೇಬರಿಗೆ ಹೇಳಿಕಳುಹಿಸಿದ. ಅಕ್ಕನ ಕಾಗದಗಳು ಅಂಗಡಿಯ ವಿಳಾಸಕ್ಕೆ ಬರುತ್ತಿದ್ದವು. ಮೂರು ಬಂದವು. ಅವನು ಅವನ್ನು ಓದಿ, ಬಟ್ಟೆಯ ಚೂರುಗಳ ಗಂಟಿನಲ್ಲಿ ಅಡಗಿಸಿ ಇಟ್ಟ.

1936ರಲ್ಲಿ ಕೇಶರಬಾಯಿ ತಾನೇ ಬಂದಳು. ಅವನು ಮಿಶನ್ನಿಗೆ ದಾರ ಪೋಣಿಸುತ್ತಿದ್ದಾಗ ತಗಡಿನ ಟ್ರಂಕು ಕೆಳಗಿಟ್ಟು "ಪಂಡು" ಎಂದಳು. ಅವನಿಗೆ ಮೊದಲು ಬಂದದ್ದು ಖುಷಿಯಲ್ಲ, ಯಾರಾದರೂ ನೋಡಿದರೋ ಎಂಬ ಅಂಜಿಕೆ. ಅಳತೆ ತೆಗೆಯುವ ಪರದೆಯ ಹಿಂದೆ ಅವಳನ್ನು ಕೂರಿಸಿ, ಡೇರೆಯಲ್ಲಿ ನಡೆದದ್ದನ್ನೆಲ್ಲ ಹೇಳಿದ. ಹೊಲಸು ಮಾತಿನ ಸಂಗತಿಯನ್ನೂ ಬಿಡಲಿಲ್ಲ. ಅವಳು ಮುಗಿಯುವ ತನಕ ಕೇಳಿದಳು.

"ಅವ್ವ ಅತ್ತಳೇನು?"

"ಬಾಳ ಅತ್ತಳು."

"ಹತ್ತನೇ ದಿನ ಮಾಡೀಯೇನು?"

"ಮಾಡೀನಿ."

"ಕಾಗಿ ಮುಟ್ಟಿತೇನು?"

"ಇಲ್ಲ."

ಕೇಶರಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗು ನಗುತ್ತ ಕಣ್ಣು ಒರೆಸಿಕೊಂಡಳು. ಬೈದಿದ್ದರೆ ಪಂಡರಿ ತಡೆದುಕೊಳ್ಳುತ್ತಿದ್ದ, ಆ ನಗುವನ್ನು ತಡೆಯಲಾಗಲಿಲ್ಲ.

ಅವಳ ಕಥೆಯೂ ಮುಗಿದಿತ್ತು. ಚಿತ್ರಗಳಿಗೆ ದನಿ ಬಂದ ವರ್ಷ ಅವಳನ್ನು ಯಂತ್ರದ ಮುಂದೆ ನಿಲ್ಲಿಸಿ ಹಿಂದುಸ್ತಾನಿಯಲ್ಲಿ ಒಂದು ಸಾಲು ಹೇಳಿಸಿದರು. ಬಾಯಿ ತೆರೆದರೆ ಬಂದದ್ದು ನಿರ್ಣಾ. ಕೋಣೆಯಲ್ಲಿದ್ದವರೆಲ್ಲ ನಕ್ಕರು. "ಆರು ವರ್ಷ ನನ್ನ ತುಟಿ ಸಾಕಾಗಿದ್ದವು. ದನಿ ಬೇಕಾದ ದಿನ ನಾ ಬ್ಯಾಡಾದೆ" ಎಂದಳು. ಮತ್ತೆ ಹೊಲಿಗೆಗೆ ಕೂತಳು. ಅಲ್ಲಿ ಮಿಸ್ ಕೇತಕಿ ಗುಂಡಿ ಹಚ್ಚುವುದನ್ನು ನೋಡಿ ಎಲ್ಲರೂ ಹುಬ್ಬು ಏರಿಸಿದ್ದಕ್ಕೆ, ಇನ್ನು ಊರೇ ಸಾಕು ಎಂದು ಹೊರಟು ಬಂದಿದ್ದಳು.

"ಹೊಳಿಗಿ ಹಾರೂಮುಂದ ಏನೋ ಅಂದಿ. ಏನದು?" ಎಂದು ಪಂಡರಿ ಕೇಳಿದ. ನಾಲ್ಕು ವರ್ಷದಿಂದ ಆ ತುಟಿಗಳು ಅವನ ಕಣ್ಣಿನಿಂದ ಹೋಗಿರಲಿಲ್ಲ.

"ಏನರ ಅನ್ನು ಅಂದ್ರು. 'ಅವ್ವಾ, ನಾ ಹೋಗಿ ಬರ್ತೀನಿ' ಅಂದೆ. ಪರದಿ ಬಾಜೂಕ ನಿಂತಿದ್ದಿ. ನಿನಗೂ ತಿಳೀಲಿಲ್ಲೇನು?"

ಆ ಕ್ಷಣ ಅವಳನ್ನು ಕೈ ಹಿಡಿದು ಮನೆಗೆ ಕರೆದುಕೊಂಡು ಹೋಗಬಹುದಿತ್ತು, ಮನೆ ಎರಡು ಓಣಿ ಆಚೆಗೆ. ಅಕ್ಕನ ಬಗ್ಗೆ ಅವನಿಗಿದ್ದ ನಾಚಿಕೆ ಎಂದೋ ಕರಗಿ ಹೋಗಿತ್ತು. ಉಳಿದದ್ದು ತನ್ನ ಬಗ್ಗೆ, ಮತ್ತು ಅದು ಹೆಚ್ಚು ಭಾರ. ಅವ್ವನ ಎದುರಿಗೆ ನಿಂತು ನಾನು ಸುಳ್ಳು ಹೇಳಿ ನಿನ್ನನ್ನು ಅಳಿಸಿದೆ ಎನ್ನುವ ಧೈರ್ಯ ಆಗಲಿಲ್ಲ. ಹೊತ್ತು ಮುಳುಗುವ ಮೊದಲೇ ಅಕ್ಕನನ್ನು ಮೋಟಾರಿನಲ್ಲಿ ಕೂರಿಸಿ ಕಲ್ಯಾಣಿಗೆ ಕರೆದೊಯ್ದ. ಇಂದಿನ ಬಸವಕಲ್ಯಾಣಕ್ಕೆ ಆಗ ಅದೇ ಹೆಸರು. ಕೋಟೆಯ ಹತ್ತಿರದ ಓಣಿಯಲ್ಲಿ ಜೈನಬಿ ಎಂಬ ವಿಧವೆಯ ಮನೆಯ ಮುಂದಿನ ಕೋಣೆ ಹಿಡಿದು ಕೊಟ್ಟ. "ಒಂದು ನಾಕು ದಿನ ಇರು, ನಾ ಅವ್ವಗ ಹೇಳಿ ಕರಕೊಂಡು ಹೋಗ್ತೀನಿ" ಎಂದ.

ಆ ನಾಲ್ಕು ದಿನ ಆರು ವರ್ಷ ಆಯಿತು.

ಕೇಶರಬಾಯಿ ಕಲ್ಯಾಣಿಯ ಹೆಂಗಸರಿಗೆ ಕುಬಸ, ಕುರ್ತಾ, ಬುರ್ಖಾ ಹೊಲಿದು ಬದುಕಿದಳು. ಅವಳ ಕೈಯ ಹೊಲಿಗೆ ನೇರ, ಮಾತು ಕಡಿಮೆ, ಎಂದು ಜೈನಬಿ ಎಲ್ಲರಿಗೂ ಹೇಳುತ್ತಿದ್ದಳು. ಹದಿನೈದು ದಿನಕ್ಕೊಮ್ಮೆ ಪಂಡರಿ ಬರುತ್ತಿದ್ದ. ಬಂದಾಗಲೆಲ್ಲ ಅವಳು "ಹೇಳಿದ್ಯೇನು" ಎಂದು ಕೇಳುತ್ತಿದ್ದಳು. ಒಂದೆರಡು ವರ್ಷವಾದ ಮೇಲೆ ಕೇಳುವುದನ್ನು ಬಿಟ್ಟು, ಹೊಲಿದಿಟ್ಟ ಕುಬಸಗಳನ್ನು ಕೈಗೆ ಕೊಟ್ಟು ಕಳಿಸುತ್ತಿದ್ದಳು. ಧೂಳಮ್ಮ ಅವನ್ನು ಹಾಕಿಕೊಂಡು, "ನಮ್ಮ ಪಂಡರಿ ಕೈ ಈಗ ಕುಂತೈತಿ ನೋಡ" ಎಂದು ವಜೀರಬಿಗೆ ತೋರಿಸುತ್ತಿದ್ದಳು. ಪಂಡರಿ ಊಟದ ತಾಟಿನಿಂದ ತಲೆ ಎತ್ತುತ್ತಿರಲಿಲ್ಲ.

1942ರಲ್ಲಿ ಧೂಳಮ್ಮನ ಕಣ್ಣಿಗೆ ಪೊರೆ ಬಂದು ಹೊಸ್ತಿಲು ಎಡವಿ ಬಿದ್ದಳು. ಸೊಂಟದ ಎಲುಬು ಮುರಿಯಿತು, ಮಂಚ ಹಿಡಿದಳು. ಪಂಡರಿಯ ಹೆಂಡತಿ ತುಳಜಾಬಾಯಿ ಆಗ ತುಂಬಿದ ಬಸುರಿ. ಮುದುಕಿಯನ್ನು ಎತ್ತಿ ಇಳಿಸುವವರು ಬೇಕಾಯಿತು. ಸುದ್ದಿ ತಿಳಿದು ಕೇಶರಬಾಯಿ ತಮ್ಮನಿಗೆ ಅಂದದ್ದು ಇಷ್ಟೇ. "ನಾ ಬರ್ತೀನಿ. ಯಾರಂತರ ಹೇಳಿಕೋ."

"ದನಿ ಕೇಳಿದ್ರ ಗುರ್ತ ಹಿಡೀತಾಳಕ್ಕ."

"ಮಾತಾಡಂಗಿಲ್ಲ ಬಿಡು. ಚಿತ್ರದಾಗ ಆರು ವರ್ಷ ಅದೇ ಕೆಲಸ ಮಾಡೀನಲ್ಲ."

ಹೀಗೆ ಕೇಶರಬಾಯಿ ತನ್ನ ಹನ್ನೆರಡನೆಯ ಪಾತ್ರಕ್ಕೆ ಇಳಿದಳು. ಕಲ್ಯಾಣಿಯ ಮೂಕ ಹೆಂಗಸು ಎಂದು ಪಂಡರಿ ಹೆಂಡತಿಗೂ ಹೇಳಿದ, ಓಣಿಗೂ ಹೇಳಿದ. ಹುಮನಾಬಾದಿನಲ್ಲಿ ಅವಳನ್ನು ಕಂಡವರೆಂದರೆ ಆ ಒಂದು ಸಂಜೆ ಪರದೆಯ ಮೇಲೆ ಕಂಡವರು, ಹತ್ತು ವರ್ಷದ ಹಿಂದೆ. ನರೆತ ಕೂದಲಿನ, ಸೆರಗು ಎಳೆದುಕೊಂಡ ಹೆಂಗಸಿನಲ್ಲಿ ಮಿಸ್ ಕೇತಕಿಯನ್ನು ಹುಡುಕುವವರು ಯಾರು? ಅವಳು ತಾಯಿಯ ಮೈ ಒರೆಸಿದಳು, ತಲೆ ಬಾಚಿದಳು, ಗಂಜಿ ಕುಡಿಸಿದಳು. ಬಿಡುವಾದಾಗ ಹಳೆಯ ಸೀರೆಗಳ ಕೌದಿ ಹೊಲಿಯುತ್ತ ಮಂಚದ ಕಾಲಿಗೆ ಒರಗಿ ಕೂಡುತ್ತಿದ್ದಳು. ಧೂಳಮ್ಮನಿಗೆ ಎದುರು ಮಾತಾಡದ ಕಿವಿ ಸಿಕ್ಕಿತು. ದಿನವಿಡೀ ಹೇಳುತ್ತಿದ್ದದ್ದು ಮಗಳ ಸಂಗತಿ. ಕೇಶರ ಹೀಗೆ ನಡೆಯುತ್ತಿದ್ದಳು, ಕೇಶರಳಿಗೆ ಹುಣಸೆ ಚಿಗುರು ಬಹಳ ಸೇರುತ್ತಿತ್ತು, ಹೊಳೆ ನೀರು ಎಷ್ಟು ತಣ್ಣಗಿತ್ತೋ ಏನೋ. ಸತ್ತವಳು ಕೂತು ತನ್ನ ಸಾವಿನ ಸುದ್ದಿ ಕೇಳುತ್ತ ಕೌದಿಗೆ ಟಾಕಾ ಹಾಕುತ್ತಿದ್ದಳು.

ಒಂದು ಮಧ್ಯಾಹ್ನ ಕೌದಿಯ ಅಂಚು ಮುಗಿದು ದಾರವನ್ನು ಹಲ್ಲಿನಲ್ಲಿ ಕಟ್ಟನೆ ಹರಿದಳು. ಧೂಳಮ್ಮ ಮಾತು ನಿಲ್ಲಿಸಿ ಕತ್ತು ತಿರುಗಿಸಿದಳು.

"ನಮ್ಮ ಕೇಶರ ಸುದ್ದಾ ಹಿಂಗೇ ಹಲ್ಲಿಲೆ ಹರೀತಿದ್ದಳವ್ವ" ಎಂದಳು. ಕೈ ಚಾಚಿ ಮೂಕಿಯ ಗಲ್ಲ ಸವರಿದಳು.

ಪಂಡರಿ ಬಾಗಿಲಲ್ಲಿ ನಿಂತಿದ್ದ. ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದು ಬರಲಾರದೆಂದು ಅವನಿಗೆ ಗೊತ್ತಿತ್ತು. ಆದರೂ ಅವನು ಅಂಗಡಿಗೆ ಹೋಗಿ ಒಂದು ಕತ್ತರಿ ತಂದು ಅಕ್ಕನ ಮುಂದೆ ಇಟ್ಟ. ಅವಳು ಕತ್ತರಿಯನ್ನು ನೋಡಿದಳು, ಅವನನ್ನು ನೋಡಿದಳು. ಆ ಮೇಲೆ ಒಂದು ದಿನವೂ ಅವಳು ದಾರವನ್ನು ಹಲ್ಲಿನಲ್ಲಿ ಹರಿಯಲಿಲ್ಲ. ಡೇರೆಯ ಸುಳ್ಳು ಅವಸರದಲ್ಲಿ ಬಾಯಿಂದ ಬಿದ್ದದ್ದು ಎನ್ನಬಹುದು. ಕತ್ತರಿ ಮಾತ್ರ ಯೋಚನೆ ಮಾಡಿ ತಂದದ್ದು, ಅದನ್ನು ನೆನೆದರೆ ಪಂಡರಿಗೆ ಮುದಿ ವಯಸ್ಸಿನಲ್ಲೂ ಅನ್ನ ಇಳಿಯುತ್ತಿರಲಿಲ್ಲ.

1944ರ ಹೊತ್ತಿಗೆ ಧೂಳಮ್ಮ ತೀರ ಬಡವಾದಳು. ಇನ್ನು ಹೆಚ್ಚು ದಿನ ಇಲ್ಲ ಎಂದು ಎಲ್ಲರಿಗೂ ಗೊತ್ತಾಗಿತ್ತು. ಒಂದು ಬೆಳಗ್ಗೆ ಮಗನನ್ನು ಕರೆದು ಹತ್ತಿರ ಕೂರಿಸಿಕೊಂಡಳು.

"ಪಂಡರಿ, ಆವತ್ತ ಎಲ್ಲಾರ ಮಾತೂ ಬಿಡಿಸಿ ಹೇಳಿದಿ. ನನ್ನ ಮಗಳು ನೀರಿಗಿ ಹಾರೂಮುಂದ ಏನೋ ಅಂದಳಲ್ಲ, ಅದೊಂದು ಹೇಳಲಿಲ್ಲ. ಏನಂದಳಪ ಅಕಿ?"

ಮಂಚದ ಆ ಬದಿಗೆ ಕೇಶರಬಾಯಿ ಬಟ್ಟಲಲ್ಲಿ ಗಂಜಿ ಆರಿಸುತ್ತಿದ್ದಳು. ಕೈ ನಿಂತಿತು. ತಮ್ಮನ ಮುಖವನ್ನೇ ನೋಡಿದಳು. ಎಂಟು ವರ್ಷದಿಂದ ಅವನಿಗೆ ಗೊತ್ತಿದ್ದ ಮಾತು. ಅದನ್ನು ಹೇಳಿದರೆ, ನಿನಗೆ ಹೇಗೆ ಗೊತ್ತು, ಯಾರು ಹೇಳಿದರು ಎಂದು ಅವ್ವ ಕೇಳುತ್ತಾಳೆ. ಅಲ್ಲಿಂದ ಎಲ್ಲ ಬಿಚ್ಚಿಕೊಳ್ಳುತ್ತದೆ.

"ನೆನಪಿಲ್ಲವ್ವ" ಎಂದ ಪಂಡರಿ. "ಬಾಳ ದಿನ ಆತು."

"ಹೌದು ಬಿಡು" ಎಂದಳು ಧೂಳಮ್ಮ. "ನಿನಗೂ ಎಷ್ಟಂತ ನೆನಪ ಇರ್ತಾವ."

ಕೇಶರಬಾಯಿ ಚಮಚ ಎತ್ತಿ ಗಂಜಿ ಕುಡಿಸಿದಳು. ಆರನೆಯ ದಿನ ಧೂಳಮ್ಮ ಹೋದಳು.

ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಓಣಿಯ ಹೆಂಗಸರು ಸುತ್ತ ಕೂತು, ಮುದುಕಿಯ ಒಳ್ಳೆಯತನ ಒಂದೊಂದೇ ಎತ್ತಿ ಹಾಡಿಕೊಂಡು ಅಳುತ್ತಿದ್ದರು. ಮಗಳಿದ್ದಿದ್ದರೆ ಮೊದಲ ದನಿ ಅವಳದಾಗುತ್ತಿತ್ತು ಎಂದೂ ಹಾಡಿದರು. ಮೂಕಿ ಕಾಲ ಬದಿಯಲ್ಲಿ ಕೂತು, ತಾಯಿಯ ಪಾದ ಹಿಡಿದುಕೊಂಡಿದ್ದಳು. ಅವಳ ತುಟಿಗಳು ಅಲುಗುತ್ತಿದ್ದವು. ದನಿ ಇಲ್ಲ. ತಮ್ಮನಿಗೆ ಕೊಟ್ಟ ಮಾತನ್ನು ಅವಳು ಅಲ್ಲಿಯೂ ಮುರಿದಿರಲಿಲ್ಲ.

"ಪಂಡರಿ" ಎಂದಳು ವಜೀರಬಿ, ಅಳು ನಿಲ್ಲಿಸಿ. "ಈ ಮೂಕಿ ಏನೋ ಅನ್ನಾಕತ್ತಾಳ ನೋಡಪ. ಏನಂತಾಳ?"

ಹೆಂಗಸರೆಲ್ಲ ಅವನ ಕಡೆ ತಿರುಗಿದರು. ಹೊರಗಿನ ಗಂಡಸರೂ ಇಣುಕಿದರು. ಪಂಡರಿ ಹೆಣದ ಪಕ್ಕದಲ್ಲಿ ನಿಂತಿದ್ದ, ಪರದೆಯ ಪಕ್ಕದಲ್ಲಿ ನಿಲ್ಲುತ್ತಿದ್ದ ಹಾಗೆಯೇ. ಅಕ್ಕನ ತುಟಿಗಳನ್ನು ನೋಡಿದ. ಈ ಸಲ ತಿಳಿಯಿತು. ರಾಣಿಯ ದನಿ ತೆಗೆಯಲಿಲ್ಲ, ಯಾರ ದನಿಯೂ ತೆಗೆಯಲಿಲ್ಲ.

"'ಅವ್ವಾ, ನಾ ಬಂದೀನಿ' ಅನ್ನಾಕತ್ತಾಳ" ಎಂದ. "ಅಕಿ ಮೂಕಿ ಅಲ್ಲ. ನಮ್ಮಕ್ಕ ಕೇಶರ. ಅಕಿ ಸತ್ತಿದ್ದೇ ಇಲ್ಲ. ಡೇರೇದಾಗ ನಾನೇ ಸುಳ್ಳ ಹೇಳಿದ್ದೆ."

ಕೇಶರಬಾಯಿ ತಲೆ ಎತ್ತಿ ತಮ್ಮನನ್ನು ಒಮ್ಮೆ ನೋಡಿದಳು. ಆಮೇಲೆ ತಾಯಿಯ ಪಾದದ ಮೇಲೆ ಹಣೆ ಇಟ್ಟು "ಅವ್ವಾ" ಎಂದು ದನಿ ತೆಗೆದಳು. ಮುಂಬಯಿಯವರು ನಕ್ಕು ಬಿಟ್ಟ ದನಿ ಓಣಿಯ ಕೊನೆಯ ತನಕ ಕೇಳಿಸಿತು.

ವಜೀರಬಿ ಪಂಡರಿಯ ಕಡೆ ತಿರುಗಿದಳು.

"ಇದನ್ನ ಮುದಿಕಿಗಿ ಹೇಳಬೇಕಿತ್ತಲ್ಲೋ" ಎಂದಳು. "ನಿನ್ನಿ ತನಕ ಅಕಿ ಕಿವಿ ಚೊಲೋ ಇದ್ದವು."